ಕಿವಿ ಹಿಡಿದು ನುಂಗಿದ ಮುದ್ದೆ

ರಾಗಿ ಮುದ್ದೆ ನುಂಗುವಾಗ ಎಡಗೈಯಿಂದ ಕಿವಿ ಹಿಡಿದುಕೊಳ್ಳಬೇಕು ಎಂಬ ಪದ್ಧತಿ ನಮ್ಮ ಒಕ್ಕಲು ಮನೆಗಳಲ್ಲಿ ಎಲ್ಲಿಯೂ ಇಲ್ಲ. ಹಿಂದೆಯೂ ಇರಲಿಲ್ಲ. ಮೈಸೂರಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಓದಿ ಈಗ ಮೊಮ್ಮಕ್ಕಳನ್ನು ಆಡಿಸುತ್ತಿರುವ ಯಾರಾದರೂ ‘ಇದೆ, ನಾನೇ ಕೇಳಿದ್ದೇನೆ’ ಎಂದರೆ ನಂಬಬೇಡಿ. ಅದನ್ನು ಕಟ್ಟಿದವಳು ನಾನು. ಕುಂಬಾರಕೊಪ್ಪಲಿನ ನಮ್ಮ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು, ಒಂದು ಮುದ್ದೆ ಆರುವಷ್ಟು ಹೊತ್ತಿನಲ್ಲಿ ಕಟ್ಟಿದೆ. ಬಿಚ್ಚುವುದಕ್ಕೆ ಮಾತ್ರ ಬಹಳ ದಿನ ಹಿಡಿಯಿತು.

ನಮ್ಮದು ಇಬ್ಬರು ಹೆಣ್ಣುಮಕ್ಕಳ ಮನೆ. ನಾನು ದೊಡ್ಡವಳು. ತಂಗಿ ನನಗಿಂತ ಎಂಟೊಂಬತ್ತು ವರ್ಷ ಚಿಕ್ಕವಳು. ಗಂಡುಮಕ್ಕಳಿಲ್ಲ ಎಂದು ಅಪ್ಪ ನನಗೆ ಮನೆಯಳಿಯನನ್ನು ತಂದರು, ಹಾಗಾಗಿ ಮದುವೆಯಾದ ಮೇಲೂ ನಾನು ಅದೇ ಒಲೆ, ಅದೇ ಎಮ್ಮೆಗಳ ಜೊತೆ ಉಳಿದೆ. ಓದಿದ್ದು ನಾಲ್ಕನೇ ಕ್ಲಾಸಿನ ಅರ್ಧದವರೆಗೆ. ಅವ್ವ ಹೊಲಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳುವವರು ಇರಲಿಲ್ಲ, ನಾನು ಅದನ್ನು ಸೊಂಟದ ಮೇಲೆ ಹೊತ್ತುಕೊಂಡೇ ಸ್ಕೂಲಿಗೆ ಹೋಗುತ್ತಿದ್ದೆ. ಕೂಸು ಮಗ್ಗಿ ಹೇಳುವ ಹೊತ್ತಿಗೆ ಸರಿಯಾಗಿ ಅಳುತ್ತಿತ್ತು. ಮೇಷ್ಟ್ರು ಬೇಸತ್ತು, ಇಬ್ಬರಲ್ಲಿ ಒಬ್ಬರು ಮಾತ್ರ ಬನ್ನಿ ಎಂದರು. ಕೂಸಿಗೆ ಒಬ್ಬಳೇ ಹೋಗಲು ಇನ್ನೂ ಕಾಲು ಬಂದಿರಲಿಲ್ಲ. ಆದ್ದರಿಂದ ಇಬ್ಬರೂ ಹೋಗಲಿಲ್ಲ. ಮುಂದೆ ಅವಳು ಹೋದಳು, ನಾನು ಹೋಗಲಿಲ್ಲ. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾದ ಮೇಲೆ ಅದೇ ಕೂಸು ಎರಡು ಜಡೆ ಹಾಕಿಕೊಂಡು ಕಾಲೇಜಿಗೆ ಸೇರಿತು. ನಮ್ಮ ಬೀದಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಅವಳು.

ದಿನಾ ಸಂಜೆ ಅವಳ ತಲೆಗೆ ಎಣ್ಣೆ ಹಚ್ಚುವುದು ನನ್ನ ಕೆಲಸ. ಆಗ ಕಾಲೇಜಿನಲ್ಲಿ ನಡೆದದ್ದನ್ನೆಲ್ಲ ಅವಳು ಹೇಳುತ್ತಿದ್ದಳು. ನನ್ನ ಕಾಲೇಜು ಅದೇ. ಅಲ್ಲಿ ಮಧ್ಯಾಹ್ನದ ಊಟಕ್ಕೆ ಹುಡುಗಿಯರು ಹೇಗೆ ಕೂರುತ್ತಾರೆ ಎಂಬುದನ್ನು ನಾನು ನೋಡದೆಯೇ ಬಲ್ಲೆ. ಅಗ್ರಹಾರದವರು ಬೇವಿನ ಮರದ ಕೆಳಗೆ, ಅವರಲ್ಲೂ ಎರಡು ಗುಂಪು. ಸಾಬರ ಹುಡುಗಿಯರು ಮೆಟ್ಟಿಲಿನ ಹಿಂದೆ. ಪೇಟೆಯ ಲಿಂಗಾಯತರ ಮನೆಯವರು ಬಾವಿ ಕಡೆ. ಹಾಸ್ಟೆಲಿನ ನಮ್ಮ ಕಡೆಯವರು ಸೈಕಲ್ ನಿಲ್ಲಿಸುವ ಜಾಗದಲ್ಲಿ. ಕ್ಲಾಸಿನಲ್ಲಿ ಒಂದೇ ಬೆಂಚು, ಊಟದ ಗಂಟೆ ಬಾರಿಸಿದ ತಕ್ಷಣ ಬೇರೆ ಬೇರೆ ಊರು. ಕಾಗೆಗಳು ಮಾತ್ರ ಎಲ್ಲರ ಊಟದಲ್ಲೂ ಪಾಲು ತೆಗೆದುಕೊಳ್ಳುತ್ತಿದ್ದವು.

ಅಲ್ಲಿಗೆ ಒಬ್ಬರು ಹೊಸ ಮೇಡಂ ಬಂದರು. ಚರಿತ್ರೆ ಹೇಳಿಕೊಡುವವರು, ಕನ್ನಡಕದ ಮೇಲಿನಿಂದ ನೋಡುವವರು. ಈ ಕೂರುವ ರೀತಿಯನ್ನು ಒಂದು ವಾರ ನೋಡಿ, ‘ಕೂಡುಪಂಕ್ತಿ’ ಎಂದು ಒಂದನ್ನು ಶುರುಮಾಡಿದರು. ತಿಂಗಳಿಗೊಂದು ಶನಿವಾರ ಒಬ್ಬ ಹುಡುಗಿಯ ಮನೆಯ ಅಡುಗೆ, ಬಾಡು ಮೀನು ಮೊಟ್ಟೆ ಬಿಟ್ಟು. ಇಷ್ಟವಿದ್ದವರೆಲ್ಲ ಒಂದೇ ಸಾಲಿನಲ್ಲಿ ಕೂತು ಊಟ. ಜೊತೆಗೆ ಒಂದು ನಿಯಮ. ಯಾರೂ ತಮ್ಮ ಮನೆಯ ಪದ್ಧತಿಯನ್ನು ತಾವೇ ಹೇಳಬಾರದು, ಬೇರೆ ಮನೆಯ ಹುಡುಗಿ ಹೋಗಿ, ನೋಡಿ, ಕೇಳಿ, ಬಂದು ಹೇಳಬೇಕು. ಹೇಳುವ ದಿನದವರೆಗೂ ಅದು ಗುಟ್ಟಾಗಿರಬೇಕು. ಮೊದಲು ಬಂದವರು ಕೆಲವೇ ಹುಡುಗಿಯರು. ಶಾವಿಗೆ ಪಾಯಸದ ಪರಿಮಳ ಬೇವಿನ ಮರದವರೆಗೆ ಹೋದ ತಿಂಗಳು ಸಾಲು ಉದ್ದವಾಯಿತಂತೆ.

ನಮ್ಮ ಮನೆಯ ಸರದಿ ಬಂದಾಗ ನೋಡಿ ಬರುವ ಕೆಲಸ ತಂಗಿಯ ಗೆಳತಿಗೆ ಬಿತ್ತು. ಅವಳು ಕ್ರಿಸ್ತರ ಹುಡುಗಿ. ಅಪ್ಪ ರೈಲ್ವೆಯವರಾದ್ದರಿಂದ ಊರೂರು ಸುತ್ತಿ ಬೆಳೆದವಳು, ಮೈಸೂರಿಗೆ, ಚರ್ಚಿನ ಹಿಂದಿನ ಬೀದಿಯ ಅಜ್ಜಿಯ ಮನೆಗೆ, ಬಂದು ಎರಡು ವರ್ಷವಾಗಿತ್ತು ಅಷ್ಟೆ. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದಳು. ನಾವು ‘ಎಂಗೆ’ ಎಂದರೆ ಅವಳು ‘ಹೇಗೆ’ ಎಂದು ಹಕಾರಕ್ಕೆ ಪೂರ್ತಿ ಉಸಿರು ಕೊಟ್ಟು ಹೇಳುವಳು. ಅವಳ ಒಂದು ಗುಣವೆಂದರೆ ಕೇಳುವುದು. ಇದು ಯಾಕೆ, ಅದು ಯಾಕೆ. ಹೊಸ್ತಿಲಿಗೆ ಅರಿಶಿನ ಯಾಕೆ, ಪೊರಕೆ ಮಲಗಿಸುವುದು ಯಾಕೆ, ನಿಮ್ಮ ಅವ್ವ ನಿಮ್ಮ ಅಪ್ಪನ ಹೆಸರು ಯಾಕೆ ಹೇಳುವುದಿಲ್ಲ. ಕೂಡುಪಂಕ್ತಿ ಬೆಳೆದದ್ದು ಅವಳ ಈ ಪ್ರಶ್ನೆಗಳಿಂದಲೇ ಎಂದು ಮೇಡಂ ಹೇಳುತ್ತಿದ್ದರಂತೆ. ಅವಳು ಕೇಳುವ ರೀತಿಗೆ ಮುನಿಸಿಕೊಳ್ಳುವುದು ಕಷ್ಟ, ನಮ್ಮ ಮನೆಯಲ್ಲಿ ಇಷ್ಟೆಲ್ಲ ಇದೆಯೇ ಎಂದು ನಮಗೇ ಅನ್ನಿಸಿಬಿಡುವುದು.

ನನಗೆ ಅವಳ ಮೇಲೆ ಕೋಪವಿರಲಿಲ್ಲ. ಇದ್ದದ್ದು ಬೇರೆ. ಅವಳು ಗೆಳತಿಯಾದ ಮೇಲೆ ತಂಗಿ ಸಂಜೆ ಎಣ್ಣೆಗೆ ಕೂತಾಗ ಮಾತು ಕಡಿಮೆಯಾಗಿತ್ತು. ಎಲ್ಲವನ್ನೂ ದಾರಿಯಲ್ಲೇ ಅವಳಿಗೆ ಹೇಳಿ ಮುಗಿಸಿ ಬರುತ್ತಿದ್ದಳು, ನನಗೆ ಸಿಗುತ್ತಿದ್ದದ್ದು ತಳ ಹಿಡಿದದ್ದು.

ಪದ್ಧತಿ ನೋಡಲು ಬಂದ ದಿನ ಆ ಹುಡುಗಿ ನಮ್ಮ ಅಡುಗೆಮನೆಯಲ್ಲಿ ತಟ್ಟೆಯ ಮುಂದೆ ಕೂತಿದ್ದಳು. ತಂಗಿ ನೀರು ತರಲು ಹೋಗಿದ್ದಳು, ಅವ್ವ ಹಿತ್ತಲಲ್ಲಿದ್ದಳು. ಮುದ್ದೆಯನ್ನು ಅವಳು ಅಗಿಯುತ್ತಿದ್ದಳು. ಮುದ್ದೆಯನ್ನು ಅಗಿದರೆ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹಲ್ಲು ಹಲ್ಲಿಗೆ ಅಂಟಿ ಅವಳ ಬಾಯಿ ತೆರೆಯುವುದೇ ಕಷ್ಟವಾಗಿತ್ತು.

“ಅಕ್ಕಾ, ಇದು ಇಳಿಯುತ್ತಿಲ್ಲ.”

“ಅಂಗೇ ತಿಂದ್ರೆ ಎಲ್ಲಿ ಇಳೀತದೆ? ಹಲ್ಲು ತಾಗಿಸ್ಬೇಡ. ಸಾರಲ್ಲಿ ಅದ್ದು, ಕಿವಿ ಹಿಡ್ಕೊ, ನುಂಗು.”

ಕಿವಿಯ ಮಾತು ಹೇಗೆ ಬಂತೋ ತಿಳಿಯದು. ಬಾಯಿಯ ತುದಿಯಲ್ಲಿತ್ತು, ಬಿತ್ತು. ಅವಳು ಎಡಗೈಯಿಂದ ಎಡಗಿವಿ ಹಿಡಿದು, ಕಣ್ಣು ಮುಚ್ಚಿ, ತುತ್ತನ್ನು ಬಸ್ಸಾರಿನಲ್ಲಿ ಅದ್ದಿ ನುಂಗಿದಳು. ಸರ್ರನೆ ಇಳಿಯಿತು. ಇಳಿದದ್ದು ಸಾರಿನಿಂದ, ಹೆಸರು ಬಂದದ್ದು ಕಿವಿಗೆ. ಆಮೇಲೆ ಅವಳು ಕೇಳಿಯೇ ಕೇಳಿದಳು, ಕಿವಿ ಯಾಕೆ ಎಂದು.

ಅಲ್ಲಿ ನಕ್ಕು, ತಮಾಷೆ ಕಣಮ್ಮ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನನ್ನನ್ನು ಅದುವರೆಗೆ ಯಾರೂ ಯಾವುದನ್ನೂ ಯಾಕೆ ಎಂದು ಕೇಳಿರಲಿಲ್ಲ. ಉಪ್ಪು ಇದೆಯಾ, ಎಮ್ಮೆ ಕರೆದೆಯಾ, ಇಷ್ಟೇ. ನಾನು ನೆಟ್ಟಗೆ ಕೂತು ಹೇಳಿದೆ: ನಾವು ಒಕ್ಕಲು ಮಕ್ಕಳು, ನೇಗಿಲಿನಿಂದ ಭೂತಾಯಿಯ ಮೈ ಸೀಳುತ್ತೇವೆ, ಆ ಗಾಯದಲ್ಲಿ ಬೆಳೆದದ್ದನ್ನು ತಿನ್ನುತ್ತೇವೆ, ಆದ್ದರಿಂದ ಮೊದಲ ತುತ್ತು ನುಂಗುವಾಗ ತಪ್ಪಾಯಿತು ತಾಯಿ ಎಂದು ಕಿವಿ ಹಿಡಿಯುತ್ತೇವೆ. ಹೇಳುತ್ತ ಹೇಳುತ್ತ ನನಗೇ ಅದು ನಿಜವೆನ್ನಿಸಿತು. ಆ ಹುಡುಗಿಯ ಕಣ್ಣಲ್ಲಿ ನೀರು. ಒಬ್ಬರ ಕಿವಿಗೆ ಹೂವಿಡುವುದು ಇಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ.

ಆದರೆ ಅವಳು ಪೆದ್ದಿಯಲ್ಲ. ನಿಮ್ಮ ತಂಗಿ ಮುದ್ದೆ ತಿನ್ನುವಾಗ ಕಿವಿ ಹಿಡಿದದ್ದನ್ನು ನಾನು ನೋಡಿಲ್ಲವಲ್ಲ ಎಂದಳು. ಮನೆಯ ಕಿರಿಮಗಳು ಹಿಡಿಯುವಂತಿಲ್ಲ, ಅವಳ ಮುಂದೆ ಆ ಮಾತನ್ನೂ ಆಡುವಂತಿಲ್ಲ ಎಂದೆ. ಮತ್ತೆ ಅಪ್ಪ, ಅವ್ವ? ದೊಡ್ಡವರು ಮನಸ್ಸಿನಲ್ಲೇ ಹಿಡಿದುಕೊಳ್ಳುತ್ತಾರೆ ಎಂದೆ. ಅವಳು ತಲೆಯಾಡಿಸಿ ಇನ್ನೊಂದು ತುತ್ತಿಗೆ ಕಿವಿ ಹಿಡಿದಳು. ಹಿತ್ತಲಿನಿಂದ ಬಂದ ಅವ್ವ ಅದನ್ನು ನೋಡಿ, ಆ ಮಗೀಗೆ ಕಿವಿನೋವೇನೇ ಎಂದು ನನ್ನನ್ನು ಪಿಸುಗುಟ್ಟಿ ಕೇಳಿದಳು. ನಾನು ಹೂಂ ಎಂದೆ.

ಕೂಡುಪಂಕ್ತಿಯ ಶನಿವಾರ ಮುದ್ದೆ ಮಾಡಲು ನನ್ನನ್ನೇ ಕರೆದರು. ಅಷ್ಟು ಜನಕ್ಕೆ ಮುದ್ದೆ ತೊಳಸುವುದು ಕಾಲೇಜಿನ ಅಡುಗೆಯವರಿಗೆ ಬಾರದು. ನಾನು ಮುದ್ದೆ ಕೋಲನ್ನು ಹೆಗಲ ಮೇಲೆ ಇಟ್ಟುಕೊಂಡು, ಇದ್ದದ್ದರಲ್ಲಿ ಒಳ್ಳೆಯ ಸೀರೆ ಉಟ್ಟು, ಕಾಲೇಜಿನ ಮುಂಬಾಗಿಲಿನಿಂದಲೇ ಒಳಗೆ ಹೋದೆ. ಜವಾನ ಹಿಂಬಾಗಿಲು ತೋರಿಸಿದ. ನಾನು ಕೋಲು ತೋರಿಸಿದೆ.

ಅಂದು ಒಬ್ಬ ಅತಿಥಿ ಇದ್ದರು. ನಮ್ಮ ಕಡೆಯ ಹೆಣ್ಣುಮಕ್ಕಳಿಗಾಗಿ ಹಾಸ್ಟೆಲು ನಡೆಸುತ್ತಿದ್ದ ಹಿರಿಯರು. ನಾವೆಲ್ಲ ಯಜಮಾನರು ಎನ್ನುತ್ತಿದ್ದೆವು. ಪೇಟ, ಉದ್ದ ಕೋಟು, ನೆಟ್ಟಗಿನ ಬೆನ್ನು. ತಮ್ಮ ಹಾಸ್ಟೆಲಿನ ಹುಡುಗಿಯರು ಎಲ್ಲರ ಜೊತೆ ಕೂತು ಉಣ್ಣುವುದನ್ನು ನೋಡಬೇಕೆಂದು ಆಸೆಯಿಂದ ಬಂದಿದ್ದರು.

ಎಲೆಗಳ ಮೇಲೆ ಮುದ್ದೆ ಬಿತ್ತು, ಬಸ್ಸಾರು ಬಿತ್ತು. ಆ ಹುಡುಗಿ ಎದ್ದು ನಿಂತು ಹೇಳತೊಡಗಿದಳು. ಭೂತಾಯಿ, ನೇಗಿಲು, ಗಾಯ, ಕ್ಷಮೆ. ನಾನು ಬಾಗಿಲ ಮರೆಯಲ್ಲಿ ಸಾರಿನ ಕೊಳದಪ್ಪಲೆಯ ಪಕ್ಕ ನಿಂತು ಕೇಳುತ್ತಿದ್ದೆ. ನನ್ನ ಸುಳ್ಳಿಗೆ ಯಾರೋ ರೇಷ್ಮೆ ಸೀರೆ ಉಡಿಸಿ ಕೂರಿಸಿದ ಹಾಗಿತ್ತು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹುಡುಗಿ, ಎಲ್ಲರೂ ಮೊದಲ ತುತ್ತಿಗೆ ಹೀಗೆ ಮಾಡೋಣ ಎಂದು ತಾನೇ ಕಿವಿ ಹಿಡಿದು ತೋರಿಸಿದಳು. ಆ ಉದ್ದದ ಸಾಲಿನಲ್ಲಿ ಅಗ್ರಹಾರದವರು, ಸಾಬರು, ಪೇಟೆಯವರು, ಹಾಸ್ಟೆಲಿನವರು ಎಲ್ಲ ಎಡಗಿವಿ ಹಿಡಿದರು. ಮೇಡಂ ಕೂಡ ಹಿಡಿದರು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಸತ್ಯ ಹೇಳುತ್ತೇನೆ, ನನ್ನ ಬಾಳಿನಲ್ಲಿ ಅಷ್ಟು ನಗು ಒಮ್ಮೆಗೇ ಬಂದದ್ದು ಅಂದೇ.

ಸಾಲಿನಲ್ಲಿ ಕಿವಿ ಹಿಡಿಯದವಳು ಒಬ್ಬಳೇ, ನನ್ನ ತಂಗಿ. ಅವಳು ನನ್ನನ್ನೇ ನೋಡುತ್ತಿದ್ದಳು. ನನ್ನ ನಗು ಅಲ್ಲಿಗೆ ನಿಂತಿತು.

ಅಷ್ಟರಲ್ಲಿ ಯಜಮಾನರು ಎಲೆಯ ಮುಂದಿನಿಂದ ಎದ್ದರು.

“ಕೈ ಇಳಿಸ್ರಮ್ಮ ಎಲ್ಲಾ. ನಮ್ಮ ಮಕ್ಕಳು ಯಾರ ಮುಂದೇನೂ ಕಿವಿ ಹಿಡೀಬಾರ್ದು ಅಂತ ನಾನು ಹಾಸ್ಟೆಲ್ ನಡೆಸ್ತಾ ಇವ್ನಿ. ಇಲ್ಲಿ ಉಣ್ಣೋ ಅನ್ನದ ಮುಂದೆ ಹಿಡಿಸ್ತಿದ್ದೀರಲ್ಲ.”

ಗದರಲಿಲ್ಲ. ಮೆಲ್ಲಗೇ ಹೇಳಿದರು. ತಾವು ಚಿಕ್ಕವರಿದ್ದಾಗ ದೊಡ್ಡ ಮನೆಗಳ ಬಾಗಿಲಲ್ಲಿ ಕಿವಿ ಹಿಡಿದು ನಿಂತು ತಪ್ಪಾಯ್ತು ಬುದ್ದಿ ಎಂದದ್ದನ್ನು ನೆನೆಸಿಕೊಂಡರು. ತಪ್ಪು ಏನೆಂದು ಗೊತ್ತಿರುತ್ತಿರಲಿಲ್ಲ, ಕಿವಿ ಮಾತ್ರ ಗೊತ್ತಿತ್ತು ಎಂದರು. ಇಂಥ ಪದ್ಧತಿ ನಮ್ಮವರಲ್ಲಿ ಇಲ್ಲ, ಯಾರೋ ನಮ್ಮನ್ನು ಆಡಿಕೊಳ್ಳಲು ಹುಟ್ಟಿಸಿದ್ದು ಎಂದರು. ಎಲ್ಲರ ಕಣ್ಣೂ ಆ ಹುಡುಗಿಯ ಮೇಲೆ. ಅವಳ ಕೈ ಇನ್ನೂ ಕಿವಿಯ ಮೇಲೆಯೇ ಇತ್ತು, ಇಳಿಸುವುದನ್ನೂ ಮರೆತಿದ್ದಳು.

ಮೇಡಂ ಅವಳನ್ನು ಕೇಳಿದರು, ಯಾರು ಹೇಳಿದರು ಎಂದು. ಅವಳು ಒಂದು ಸಲ ಬಾಗಿಲ ಕಡೆ ನೋಡಿದಳು. ಯಜಮಾನರು ಆ ನೋಟದ ಜಾಡು ಹಿಡಿದು ನನ್ನ ಕಡೆ ತಿರುಗಿ, ನನ್ನ ತಂಗಿಯನ್ನು ತೋರಿಸಿ ಕೇಳಿದರು.

“ನೀನು ಇವಳ ಅಕ್ಕ ಅಲ್ವೇನಮ್ಮ? ನೀನೇ ಹೇಳು. ನಿಮ್ಮ ಮನೇಲಿ ಇಂಗೆ ಉಂಟಾ?”

ಎಲ್ಲ ಹುಡುಗಿಯರು, ಎಲ್ಲ ಎಲೆಗಳು, ನನ್ನ ಕೈಯಲ್ಲಿ ಮುದ್ದೆ ಕೋಲು. ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಮಗ್ಗಿ ಕೇಳಿದ ಹಾಗಾಯಿತು.

“ನಂಗೇನೂ ಗೊತ್ತಿಲ್ಲ ಯಜಮಾನ್ರೇ. ನಾನು ಬರೀ ಮುದ್ದೆ ಕಟ್ಟೋಳು.”

ಆ ಹುಡುಗಿ ನನ್ನನ್ನು ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ, ಅದೇ ಹಳೆಯ ಪ್ರಶ್ನೆ ಇತ್ತು, ಇದು ಯಾಕೆ ಎಂದು. ಆಮೇಲೆ ಕೈ ಇಳಿಸಿ, ನಾನೇ ತಪ್ಪಾಗಿ ತಿಳಿದುಕೊಂಡೆ, ಯಾರನ್ನೂ ಆಡಿಕೊಳ್ಳಲು ಹೇಳಲಿಲ್ಲ, ಕ್ಷಮಿಸಿ ಎಂದಳು. ತಂಗಿ ಏನೋ ಹೇಳಲು ಎದ್ದಳು, ಇವಳು ಅವಳ ಸೆರಗು ಹಿಡಿದು ಕೂರಿಸಿದಳು. ಯಜಮಾನರು ಊಟ ಮಾಡದೆ ಹೋದರು. ಆ ಹುಡುಗಿ ಸಾಲಿನಲ್ಲಿ ಇರುವವರೆಗೂ ನಮ್ಮ ಹಾಸ್ಟೆಲಿನ ಮಕ್ಕಳು ಕೂಡುಪಂಕ್ತಿಗೆ ಬರುವುದಿಲ್ಲ ಎಂದು ಮೇಡಂಗೆ ಹೇಳಿ ಹೋದರು.

ಮನೆಗೆ ಬಂದ ಮೇಲೆ ತಂಗಿ ಸೊಂಟದ ಮೇಲೆ ಕೈ ಇಟ್ಟು ನಿಂತಳು.

“ಮುದ್ದೆ ಕಟ್ಟೋಳಂತೆ. ಕತೆ ಕಟ್ಟಿದೋಳು ಯಾರು?”

ನಾನು ನಗಿಸಲು ನೋಡಿದೆ. ನಗಲಿಲ್ಲ. ನಾಳೆಯೇ ಬಂದು, ಆಟಕ್ಕೆ ಹೇಳಿದ್ದು ನಾನು ಎಂದು ಮೇಡಂಗೂ ಯಜಮಾನರಿಗೂ ಹೇಳು, ಇಲ್ಲದಿದ್ದರೆ ಅವಳನ್ನು ಹೊರಗಿಡುತ್ತಾರೆ ಎಂದಳು. ನೀನೇ ಹೇಳಿಬಿಡು ಎಂದೆ. ಗೆಳತಿ ಹೇಳಬೇಡ ಎಂದಿದ್ದಾಳೆ, ಅಕ್ಕ ತಾನಾಗಿ ಹೇಳಿದರೆ ಹೇಳಲಿ, ಎಂದು ಆಣೆ ಹಾಕಿಸಿಕೊಂಡಿದ್ದಾಳೆ ಎಂದಳು. ಬರುತ್ತೇನೆ ಎಂದೆ. ಮಾರನೆಯ ದಿನ ಎಮ್ಮೆ ಈಯುವ ಹಾಗಿತ್ತು. ಅದರ ಮಾರನೆಯ ದಿನ ಈದಿತು. ಆಮೇಲೆ ಗಿಣ್ಣು ಕಾಯಿಸಬೇಕಾಗಿತ್ತು. ಆಮೇಲೆ ಮಂಗಳವಾರ ಬಂತು, ಮಂಗಳವಾರ ಒಳ್ಳೆಯ ಮಾತಿಗೆ ಹೊರಡಬಾರದು. ಆಮೇಲೆ ಅಮಾವಾಸ್ಯೆ. ಮೈಸೂರಿನ ಪಂಚಾಂಗದಲ್ಲಿ ತಪ್ಪೊಪ್ಪಿಕೊಳ್ಳಲು ಒಂದೇ ಒಂದು ಒಳ್ಳೆಯ ದಿನ ಸಿಗಲಿಲ್ಲ.

ತಂಗಿ ನನ್ನ ಜೊತೆ ಮಾತು ಬಿಟ್ಟಳು. ಬೇಕೇ ಬೇಕಾದಾಗ ಹೊಸ ಕರುವಿನ ಮೂಲಕ ಮಾತಾಡುತ್ತಿದ್ದಳು. ಕರುವಿನ ಕಿವಿಯ ಹತ್ತಿರ ಬಗ್ಗಿ, ನಿಮ್ಮ ದೊಡ್ಡಮ್ಮನಿಗೆ ಹೇಳು, ನನ್ನ ಬುತ್ತಿ ಎಲ್ಲಿ ಅಂತ, ಎನ್ನುವಳು. ನಾನೂ ಕರುವಿಗೆ, ನೆಲುವಿನ ಮೇಲಿದೆ ಅಂತ ಹೇಳು, ಎನ್ನುತ್ತಿದ್ದೆ. ಅಪ್ಪನಿಗೆ ಇದು ತಿಳಿಯದೆ, ಕರು ಈ ಮನೇಲಿ ಏನೇನು ಕೇಳಬೇಕೋ ಪಾಪ ಎಂದರು. ತಲೆಗೆ ಎಣ್ಣೆಯನ್ನು ತಾನೇ ಹಚ್ಚಿಕೊಳ್ಳುತ್ತಿದ್ದಳು, ಹಿಂದುಗಡೆ ಸರಿಯಾಗಿ ಹತ್ತುತ್ತಿರಲಿಲ್ಲ.

ಮುಂದಿನ ಕೂಡುಪಂಕ್ತಿ ಬರುವ ಮೊದಲೇ ಆ ಹುಡುಗಿ ತಾನಾಗಿ ಮೇಡಂ ಹತ್ತಿರ ಹೋಗಿ, ನಾನಿಲ್ಲದಿದ್ದರೆ ಸಾಲು ನಡೆಯುವುದಾದರೆ ನಡೆಯಲಿ ಎಂದು ಹಿಂದೆ ಸರಿದಳು. ಆ ಶನಿವಾರ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಎಲ್ಲರನ್ನೂ ಕೂಡಿಸಲು ಓಡಾಡಿದವಳು ಮಾತ್ರ ಲೈಬ್ರರಿಯ ಜಗಲಿಯ ಮೇಲೆ ತನ್ನ ಡಬ್ಬಿ ಬಿಚ್ಚಿದಳು. ತಂಗಿ ಹೋಗಿ ಅವಳ ಪಕ್ಕ ಕೂತಳು. ಇದನ್ನು ನನಗೆ ಕರು ಹೇಳಿತು.

ಸೋಮವಾರ ಹೊರಟೇ ಹೊರಟೆ. ಕಾಲೇಜಿನ ಗೇಟಿನವರೆಗೂ ಹೋದೆ. ಜವಾನ ಏನಮ್ಮ, ಇವತ್ತು ಕೋಲು ಇಲ್ವಾ ಎಂದ. ಕೋಲು ಮರೆತೆ ಎಂದು ವಾಪಸು ಬಂದೆ.

ಕ್ರಿಸ್‌ಮಸ್ ಬಂತು. ಮೇಡಂ ಮತ್ತು ಪಂಕ್ತಿಯ ಕೆಲವು ಹುಡುಗಿಯರನ್ನು ಅವಳು ಮನೆಗೆ ಕರೆದಳು. ಅಕ್ಕನೂ ಬರಬೇಕು, ಬರದಿದ್ದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿಕಳಿಸಿದ್ದಳು. ಬಗಲಲ್ಲಿ ಒಂದು ಚೀಲ ಅವರೆಕಾಯಿ ಇಟ್ಟುಕೊಂಡು ತಂಗಿಯ ಹಿಂದೆ ನಡೆದೆ.

ಬಾಗಿಲಲ್ಲಿ ಬಣ್ಣದ ಕಾಗದದ ನಕ್ಷತ್ರ, ಹಜಾರದ ಮೂಲೆಯಲ್ಲಿ ಹುಲ್ಲು ಹಾಸಿದ ಗೋದಲಿ, ಅದರಲ್ಲಿ ಮಣ್ಣಿನ ದನ, ಕುರಿ, ಮಧ್ಯೆ ಕೂಸು. ಮೇಡಂ ಮತ್ತು ಹುಡುಗಿಯರು ಅಲ್ಲೇ ಕೂತಿದ್ದರು. ನನಗೆ ಯಾರ ಮುಖ ನೋಡುವುದೂ ಆಗಲಿಲ್ಲ, ಮಣ್ಣಿನ ದನದ ಮುಖ ನೋಡುತ್ತ ನಿಂತೆ. ಆ ಹುಡುಗಿ ಬಂದು ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದಳು. ಮುಖ ಗಂಭೀರವಾಗಿತ್ತು.

“ಅಕ್ಕಾ, ನಮ್ಮಲ್ಲಿ ಒಂದು ಪದ್ಧತಿ ಇದೆ. ಹಬ್ಬಕ್ಕೆ ಮೊದಲ ಸಲ ಮನೆಗೆ ಬಂದವರು, ಆ ವರ್ಷ ಮಾಡಿದ ಒಂದು ತಪ್ಪನ್ನು ಮನೆಯ ಹಿರಿಯರಿಗೆ ಹೇಳಬೇಕು. ಜಾಲರಿಯ ಮರೆಯಲ್ಲಿ ಕೂತು. ಹೇಳಿದ ಮೇಲೇನೇ ಸಿಹಿ.”

ಇವರು ಚರ್ಚಿನಲ್ಲಿ ಮರೆಯಲ್ಲಿ ಕೂತು ಫಾದರ್ ಹತ್ತಿರ ತಪ್ಪು ಹೇಳಿಕೊಳ್ಳುತ್ತಾರೆಂದು ನಾನೂ ಕೇಳಿದ್ದೆ. ಮನೆಯಲ್ಲೂ ಇರಬಹುದು ಎಂದುಕೊಂಡೆ. ನನ್ನ ಎದೆಯ ಭಾರಕ್ಕೆ ಸರಿಯಾಗಿ ಹೊಂದುವ ಪದ್ಧತಿ, ಇವರು ಬುದ್ಧಿವಂತರು ಎಂದೂ ಅನ್ನಿಸಿತು.

ಅಡುಗೆಮನೆಗೂ ಉಗ್ರಾಣಕ್ಕೂ ನಡುವೆ ಒಂದು ಜಾಲರಿ ಕಿಟಕಿ. ಈಚೆ ನಾನು ಮಣೆಯ ಮೇಲೆ, ಆಚೆ ಅವಳ ಅಜ್ಜಿ ಮೊರದಲ್ಲಿ ಏನನ್ನೋ ಆರಿಸುತ್ತ ಕೂತಿದ್ದರು. ನಾನು ಸೆರಗು ಹೊದ್ದು, ಜಾಲರಿಗೆ ಬಾಯಿ ಹತ್ತಿರ ತಂದು, ಪಿಸುಮಾತಿನಲ್ಲಿ, ನಿಮ್ಮ ಮೊಮ್ಮಗಳಿಗೆ ನಾನೊಂದು ಸುಳ್ಳು ಹೇಳಿದೆ ಅಜ್ಜಿ ಎಂದೆ.

ಅಜ್ಜಿ ಏನು ಎಂದರು. ಇನ್ನೊಮ್ಮೆ ಹೇಳಿದೆ. ಜೋರಾಗಿ ಹೇಳಮ್ಮ, ನಂಗೆ ಕಿವಿ ಮಂದ ಎಂದರು. ಸ್ವಲ್ಪ ಜೋರಾಗಿ ಹೇಳಿದೆ. ಸುಣ್ಣವಾ, ಸುಣ್ಣ ಯಾಕಮ್ಮ, ಎಲೆ ಅಡಿಕೆ ಹಾಕ್ತೀಯಾ ಎಂದರು. ಸುಣ್ಣವಲ್ಲ ಸುಳ್ಳು ಎಂದೆ. ಕಿವಿ ಹಿಡಿಯುವ ಪದ್ಧತಿ ನಮ್ಮಲ್ಲಿಲ್ಲ, ಕಟ್ಟಿ ಹೇಳಿದ್ದು ನಾನು, ಎಲ್ಲರ ಮುಂದೆ ಕೇಳಿದಾಗ ಗೊತ್ತಿಲ್ಲ ಎಂದದ್ದೂ ನಾನು, ಎಂದು ಒಂದೊಂದೇ ಮಾತನ್ನು ಎಮ್ಮೆ ಕೂಗುವ ದನಿಯಲ್ಲಿ ಹೇಳಬೇಕಾಯಿತು. ಅಜ್ಜಿ ಮೊರ ಕೆಳಗಿಟ್ಟರು.

“ಯಾಕಮ್ಮ ಹಂಗೆ ಮಾಡ್ದೆ?”

ಇದಕ್ಕೆ ನನ್ನ ದನಿ ತಾನಾಗಿ ಇಳಿಯಿತು. ಹೊಟ್ಟೆಕಿಚ್ಚು ಅಜ್ಜಿ, ಎಂದೆ.

“ಹೊಟ್ಟೆನೋವಾ? ಮೊದಲೇ ಹೇಳ್ಬಾರ್ದಾ. ಓಮದ ನೀರು ಕುಡಿ, ಸರಿ ಹೋಗ್ತದೆ.”

“ಹೊಟ್ಟೆನೋವಲ್ಲ ಅಜ್ಜಿ, ಹೊಟ್ಟೆಕಿಚ್ಚು. ನನ್ನ ತಂಗಿ ಎಲ್ಲಾನೂ ನಿಮ್ಮ ಮೊಮ್ಮಗಳ ಹತ್ರ ಹೇಳ್ತಾಳೆ, ನನ್ನ ಹತ್ರ ಏನೂ ಹೇಳಲ್ಲ. ಅದ್ಕೆ.”

ಕೂಗಿದ್ದು ಮುಗಿದ ಮೇಲೆಯೇ ತಿಳಿದದ್ದು, ಹಜಾರದಲ್ಲಿ ಯಾರೂ ಮಾತಾಡುತ್ತಿಲ್ಲ ಎಂದು. ಅಡುಗೆಮನೆಗೂ ಹಜಾರಕ್ಕೂ ನಡುವೆ ಬಾಗಿಲೇ ಇರಲಿಲ್ಲ, ಒಂದು ಪರದೆ ಮಾತ್ರ. ಪರದೆ ಸರಿಸಿಕೊಂಡು ಆ ಹುಡುಗಿ ಬಂದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಚಿಪ್ಪಿನ ಆಕಾರದ ಕಲಕಲ ಎಂಬ ಹಬ್ಬದ ಸಿಹಿ, ಪಕ್ಕದಲ್ಲಿ ಒಂದು ಲೋಟ ಓಮದ ನೀರು.

“ಕುಡಿಯಿರಿ ಅಕ್ಕಾ. ಎರಡಕ್ಕೂ ಆಗುತ್ತದೆ.”

ಆಗ ಹಜಾರದಲ್ಲಿ ನಗು ಒಡೆಯಿತು. ಅಂಥ ಪದ್ಧತಿ ಆ ಮನೆಯಲ್ಲೂ ಇರಲಿಲ್ಲ. ಯಾವ ಕ್ರಿಸ್ತರ ಮನೆಯಲ್ಲೂ ಇಲ್ಲ. ಅಜ್ಜಿಗೆ, ಒಬ್ಬಳು ಬಂದು ಏನೋ ಕೇಳುತ್ತಾಳೆ, ಮಾತಾಡಿಸಿ, ಎಂದು ಮಾತ್ರ ಹೇಳಿದ್ದಳಂತೆ. ನಾನು ಅವಳಿಗೆ ಇಟ್ಟ ಹೂವನ್ನು ಅವಳು ನನಗೆ ಮಾಲೆ ಮಾಡಿ ಹಾಕಿದ್ದಳು. ತಂಗಿ ಮಾತ್ರ ನಗಲಿಲ್ಲ. ಬಂದು ನನ್ನ ಪಕ್ಕ ಮಣೆಯ ತುದಿಯಲ್ಲಿ ಕೂತು, ಅಕ್ಕ, ಅಷ್ಟೇ ಆಗಿದ್ರೆ ನಂಗೆ ಹೇಳೋಕೆ ಏನಾಗಿತ್ತು ಎಂದಳು. ಕರುವಿಲ್ಲದೆ ಆಡಿದ ಮೊದಲ ಮಾತು ಅದು. ನಾನು ಓಮದ ನೀರು ಕುಡಿದೆ.

ಮೇಡಂ ನಗುತ್ತಿದ್ದರೂ ಬಿಡಲಿಲ್ಲ. ಎರಡು ದಿನದ ಮೇಲೆ ನನ್ನನ್ನು ಯಜಮಾನರ ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಜಾಲರಿ ಇರಲಿಲ್ಲ. ಯಜಮಾನರ ಕಿವಿ ಚೆನ್ನಾಗಿ ಕೇಳುತ್ತಿತ್ತು. ಎಲ್ಲವನ್ನೂ ಹೇಳಿ ತಲೆ ತಗ್ಗಿಸಿ ನಿಂತೆ. ಅವರು, ಭೂತಾಯಿ ಮಾತನ್ನ ನಿಂಗೆ ಹೇಳ್ಕೊಟ್ಟೋರು ಯಾರು ಎಂದು ಕೇಳಿದರು. ನಾನೇ ಎಂದೆ. ಎಷ್ಟು ಓದಿದ್ದೀಯಾ ಎಂದರು. ಹೇಳಿದೆ. ಓದಿಸಿದ್ದರೆ ಇನ್ನೂ ದೊಡ್ಡ ಸುಳ್ಳು ಹೇಳ್ತಿದ್ದೆ ಎಂದರು. ಬೈದರೋ ಹೊಗಳಿದರೋ ನನಗೆ ಇಂದಿಗೂ ಗೊತ್ತಾಗಿಲ್ಲ. ಆ ಹುಡುಗಿ ಸಾಲಿಗೆ ವಾಪಸು ಬರಲಿ ಎಂದು ಮೇಡಂಗೆ ಹೇಳಿ, ತಾವೇ ಬಂದು ಅವಳ ಹತ್ತಿರ ಮಾತಾಡುತ್ತೇನೆ ಎಂದರು. ಮಾತಾಡಿದರು ಕೂಡ.

ಹೀಗೆ ಅವಳು ಕೂಡುಪಂಕ್ತಿಗೆ ಮರಳಿದಳು. ಆದರೂ ನನ್ನ ತಪ್ಪು ಅಲ್ಲಿಗೆ ಮುಗಿಯಲಿಲ್ಲ. ಮುಗಿದಿದ್ದರೆ ನಾನು ಈಗ ಬರೆಯುತ್ತಿರಲಿಲ್ಲ. ನಾನಾಗಿ ಹೇಳಲಿಲ್ಲ, ನನ್ನಿಂದ ಹೇಳಿಸಿದರು, ಅದು ಒಂದು. ಇನ್ನೊಂದನ್ನು ತಂಗಿ ಎಣ್ಣೆ ಹಚ್ಚಿಸಿಕೊಳ್ಳುವಾಗ ಹೇಳಿದಳು. ಆ ಹುಡುಗಿ ಸಾಲಿನಲ್ಲಿ ಕೂರುತ್ತಾಳೆ, ಉಣ್ಣುತ್ತಾಳೆ, ನಗುತ್ತಾಳೆ. ಆದರೆ ಯಾರನ್ನೂ ಏನನ್ನೂ ಕೇಳುವುದಿಲ್ಲ. ಬಡಿಸಿದ್ದನ್ನು ತಿಂದು, ಚೆನ್ನಾಗಿದೆ ಎಂದು ಹೇಳಿ ಎದ್ದುಬಿಡುತ್ತಾಳೆ. ಬೇರೆಯವರ ಮನೆಗೆ ಹೋಗಿ ನೋಡಿ ಬರುವ ಸರದಿ ಬಂದರೆ ಇನ್ನೊಬ್ಬಳಿಗೆ ಬಿಟ್ಟುಕೊಡುತ್ತಾಳೆ. ಅವಳು ಕೇಳದೆ ಹೋದರೆ ಆ ಸಾಲಿನಲ್ಲಿ ಮಾತು ಎಲ್ಲಿಂದ ಹುಟ್ಟಬೇಕು, ಬರೀ ಊಟವಾಗುತ್ತದೆ, ಎಂದಳು ತಂಗಿ.

ಸಂಕ್ರಾಂತಿಗೆ ಅವಳನ್ನು ನಮ್ಮ ಮನೆಗೆ ಕರೆದೆವು. ಬಂದಳು. ಎಳ್ಳುಬೆಲ್ಲ ತಿಂದಳು, ಸಕ್ಕರೆ ಅಚ್ಚಿನ ಕುದುರೆಯ ತಲೆ ಮುರಿದಳು, ಅವ್ವನ ಪಕ್ಕ ಕೂತು ಕಬ್ಬು ಸಿಗಿದಳು. ಅಂಗಳದಲ್ಲಿ ನನ್ನ ಗಂಡ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚುತ್ತಿದ್ದ. ಅವಳು ಹಿಂದಿನ ಹಾಗೇ ಇದ್ದಿದ್ದರೆ ಒಂದೊಂದು ಕೊಂಬಿಗೆ ಒಂದೊಂದು ಯಾಕೆ ಇರುತ್ತಿತ್ತು. ಅವಳು ನೋಡುತ್ತಿದ್ದಳು. ಕೇಳಲಿಲ್ಲ. ನಾನು ಕಾದೆ. ಬಾಯಿ ಮುಚ್ಚಿಕೊಂಡು ಕಬ್ಬು ಅಗಿಯುವ ಅವಳನ್ನು ನೋಡುವುದು ನನಗೆ ಬಹಳ ಕಷ್ಟವಾಯಿತು. ಕೊನೆಗೆ ಕೇಳದೆಯೇ ಹೇಳಿದೆ.

“ಸಂಜೆಗೆ ಇವನ್ನೆಲ್ಲ ಬೆಂಕಿ ದಾಟಿಸ್ತೀವಿ ಕಣಮ್ಮ. ಬೀದಿಗಡ್ಡ ಹುಲ್ಲು ಹಾಸಿ, ಬೆಂಕಿ ಹಚ್ಚಿ, ಎತ್ತು ಹಸು ಎಲ್ಲ ಅದರ ಮೇಲೆ ನೆಗೀತವೆ. ಕಿಚ್ಚು ಹಾಯಿಸೋದು ಅಂತೀವಿ.”

ಅವಳು ಮಗುವಿನ ಕತೆಗೆ ನಕ್ಕ ಹಾಗೆ ಮೆಲ್ಲಗೆ ನಕ್ಕಳು. ಇದು ನಿಜ ಎಂದೆ. ಆಣೆ ಇಟ್ಟೆ. ನಾನು ಹೇಳುತ್ತಾ ಹೋದಷ್ಟೂ ಅದು ಇನ್ನಷ್ಟು ಸುಳ್ಳಿನ ಹಾಗೆ ಕೇಳಿಸಿತು. ನಿಜ ಹೇಳುವುದು ಇಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ, ಕಿವಿ ಹಿಡಿಸುವುದು ಎಷ್ಟೋ ಸುಲಭವಾಗಿತ್ತು. ಅವಳು ನನ್ನನ್ನು ಬಿಟ್ಟು ನನ್ನ ತಂಗಿಯ ಮುಖ ನೋಡಿದಳು. ತಂಗಿ ಬಾಯಲ್ಲಿದ್ದ ಕಬ್ಬನ್ನು ಬೇಕೆಂದೇ ನಿಧಾನವಾಗಿ ಅಗಿದು, ಸಿಪ್ಪೆ ಉಗಿದು, ಆಮೇಲೆ ಹೌದೆಂದು ತಲೆಯಾಡಿಸಿದಳು. ಆಗ ನಂಬಿದಳು.

ಹೊತ್ತು ಇಳಿಯುತ್ತಿದ್ದ ಹಾಗೆ ಇಬ್ಬರೂ ಹುಲ್ಲು ಹಾಸಿದ ಕಡೆಗೆ ಮುಂದೆ ನಡೆದರು, ನಾನು ಹಿಂದೆ. ದನದ ಕಾಲು ಸುಡುವುದಿಲ್ಲವೇ, ಮೊದಲು ಯಾರ ಮನೆಯ ಎತ್ತು, ಬೆಂಕಿಯೇ ಯಾಕೆ ಎಂದು ಅವಳು ತಂಗಿಯನ್ನು ಮೆಲ್ಲಗೆ ಕೇಳತೊಡಗಿದ್ದಳು. ತಂಗಿಗೆ ಗೊತ್ತಿಲ್ಲದ್ದು ಬಂದಾಗ ಆ ಹುಡುಗಿ ಹಿಂದೆ ತಿರುಗಿ ನನ್ನನ್ನು ಕೇಳಿದಳು. ನನಗೆ ಗೊತ್ತಿದ್ದದ್ದನ್ನು ಗೊತ್ತಿದ್ದಷ್ಟೇ ಹೇಳಿದೆ. ಬೆಂಕಿಯೇ ಯಾಕೆ ಎಂಬುದಕ್ಕೆ, ನಂಗೊತ್ತಿಲ್ಲ ಕಣಮ್ಮ ಎಂದೆ. ಒಂದು ಒಳ್ಳೆಯ ಕಾರಣ ಆಗಲೇ ನನ್ನ ನಾಲಿಗೆಯ ಮೇಲೆ ಬಂದು ಕೂತಿತ್ತು. ಅದನ್ನು ನುಂಗಿಕೊಂಡದ್ದು ಎಷ್ಟು ಕಷ್ಟವಾಯಿತೆಂದು ನನಗೊಬ್ಬಳಿಗೇ ಗೊತ್ತು.